ಸುಸ್ತು ಅಂತ ಸಲಾಯಿನ್ ಹಚ್ಚಿಸುವ ಮುಂಚೆ: ಕಾರಣ ಹುಡುಕುವ ಬಗೆ

"ಮೈಯಾಗ ತಾಕತ್ತೇ ಇಲ್ರೀ ಡಾಕ್ಟ್ರೇ, ಒಂದ್ ಸಲಾಯಿನ್ ಹಚ್ಚಿಬಿಡ್ರಿ." ವಿಜಯಪುರ, ಬಾಗಲಕೋಟೆ ಕಡೆಯ ಯಾವ ಸಣ್ಣ ದವಾಖಾನೆಯಲ್ಲಿ ಸ್ವಲ್ಪ ಹೊತ್ತು ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಬಾಟಲಿ ಏರುತ್ತದೆ, ಒಂದು ತಾಸು ಮಲಗಿ ಎದ್ದು ಹೋಗುತ್ತಾರೆ, ಹದಿನೈದು ದಿನಕ್ಕೆ ಮತ್ತೆ ಬರುತ್ತಾರೆ.

ಆ ಬಾಟಲಿಯಲ್ಲಿ ಏನಿರುತ್ತದೆ ಅಂತ ಮೊದಲು ತಿಳಿದುಕೊಳ್ಳೋಣ. ಅರ್ಧ ಲೀಟರಿನ ಶೇ. 5ರ ಗ್ಲುಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಸುಮಾರು ಐದು ಚಮಚ. ಅಷ್ಟೇ ಅಳತೆಯ ನಾರ್ಮಲ್ ಸಲಾಯಿನ್‌ನಲ್ಲಿ ಇರುವುದು ನಾಲ್ಕೂವರೆ ಗ್ರಾಂ ಉಪ್ಪು. ಉಳಿದದ್ದೆಲ್ಲ ನೀರು. ವಾಂತಿ ಭೇದಿಯಾಗಿ ಬಾಯಿಂದ ನೀರೂ ನಿಲ್ಲದವರಿಗೆ ಇದು ಜೀವ ಉಳಿಸುತ್ತದೆ. ಆದರೆ ರಕ್ತ ಕಡಿಮೆ ಇದ್ದವರಿಗೆ, ಥೈರಾಯ್ಡ್ ಇದ್ದವರಿಗೆ, ಟಿ.ಬಿ. ಶುರುವಾದವರಿಗೆ ಇದರಿಂದ ಏನೂ ಆಗಲ್ಲ. ಶುಗರ್ ಇರುವುದು ಗೊತ್ತಿಲ್ಲದವರಿಗೆ ಗ್ಲುಕೋಸ್ ಏರಿಸಿದರೆ, ಹೃದಯ ಸೋತವರಿಗೆ ನೀರು ಏರಿಸಿದರೆ ತೊಂದರೆಯೇ ಜಾಸ್ತಿ. ಅದಕ್ಕಿಂತ ದೊಡ್ಡ ನಷ್ಟ ಅಂದರೆ, ನಿಜವಾದ ಕಾರಣ ತಿಂಗಳುಗಟ್ಟಲೆ ಬಚ್ಚಿಟ್ಟುಕೊಂಡು ಬೆಳೆಯುತ್ತದೆ.

ಸುಸ್ತು ಒಂದು ರೋಗ ಅಲ್ಲ, ಸೂಚನೆ. ಕಾರಣ ಹುಡುಕುವ ಕೆಲಸದಲ್ಲಿ ಅರ್ಧದಷ್ಟನ್ನು ಮನೆಯಲ್ಲೇ, ಖರ್ಚಿಲ್ಲದೆ ಮಾಡಬಹುದು.

ಮೊದಲು ಇದನ್ನು ನೋಡಿ: ಕಾಯಬಾರದ ಸುಸ್ತು

ಕೆಳಗಿನ ಯಾವುದಾದರೂ ಇದ್ದರೆ ಈ ಬರಹವನ್ನು ಮುಂದೆ ಓದಬೇಡಿ, 108ಕ್ಕೆ ಫೋನ್ ಮಾಡಿ.

- ಸುಸ್ತಿನ ಜೊತೆ ಎದೆ ಹಿಡಿದಂತಾಗುವುದು, ತಣ್ಣನೆ ಬೆವರು, ನೋವು ಎಡಗೈಗೋ ದವಡೆಗೋ ಹರಿಯುವುದು. ಹೆಂಗಸರಲ್ಲಿ ಮತ್ತು ಶುಗರ್ ಇದ್ದವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಉಸಿರಾಟದ ತೊಂದರೆ, ವಾಂತಿ ಬಂದಂತೆ ಆಗಿಯೂ ಹೃದಯಾಘಾತ ಆಗಬಹುದು. "ಗ್ಯಾಸ್ ಆಗಿರಬೇಕು" ಅಂತ ಸೋಡಾ ಕುಡಿದು ಕೂರಬೇಡಿ.
- ಒಂದೇ ಕಡೆಯ ಕೈಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು. ಲಕ್ವಾ ಹೊಡೆದಾಗ ನಾಲ್ಕೂವರೆ ತಾಸಿನ ಒಳಗೆ ತಕ್ಕ ಆಸ್ಪತ್ರೆ ಸೇರಿದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಧ್ಯ. ಮೊದಲು ನಾಟಿ ಔಷಧಿ ನೋಡೋಣ ಅಂತ ಹೋದವರಿಗೆ ಆ ಹೊತ್ತು ಮತ್ತೆ ಸಿಗಲ್ಲ.
- ಬಿಸಿಲಲ್ಲಿ ಇದ್ದವರು ಏನೇನೋ ಮಾತಾಡುವುದು, ಎಚ್ಚರ ತಪ್ಪುವುದು.
- ಡಾಂಬರಿನಂತೆ ಕಪ್ಪಗೆ ಅಂಟುವ ಮಲ, ರಕ್ತ ವಾಂತಿ, ಗರ್ಭಿಣಿಗೆ ರಕ್ತಸ್ರಾವ.

ಇವು ಯಾವುವೂ ಇಲ್ಲ, ಸುಸ್ತು ನಿಧಾನವಾಗಿ ಬಂದಿದೆ ಅಂದರೆ ಕ್ರಮವಾಗಿ ಹುಡುಕಲು ಸಮಯ ಇದೆ.

ದುಡ್ಡಿಲ್ಲದೆ ಮಾಡುವ ತಪಾಸಣೆ

ನಿದ್ದೆ ಎಷ್ಟು ಆಗುತ್ತಿದೆ? ರಬಕವಿ-ಬನಹಟ್ಟಿಯ ಪವರ್‌ಲೂಮ್‌ನಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಹಗಲು ನಿದ್ದೆ ತುಂಡು ತುಂಡಾಗಿರುತ್ತದೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಮಲಗುವ ಮನೆಯ ಹೆಣ್ಣುಮಕ್ಕಳದೂ ಅದೇ ಪಾಡು. ಒಂದು ವಾರ ಏಳು ತಾಸು ನಿದ್ದೆ ಮಾಡಿದರೆ ಸುಸ್ತು ಕಡಿಮೆಯಾಗುತ್ತದಾ ನೋಡಿ.

ಊಟ ಹೇಗಿದೆ? ಬೆಳಗ್ಗೆ ಬರೀ ಚಹಾ ಕುಡಿದು ಹೊಲಕ್ಕೆ ಹೋಗುವುದು, ಶ್ರಾವಣದಲ್ಲಿ ಒಪ್ಪತ್ತು ಮಾಡುವುದು, ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುವುದು. ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಯಾವ ಗುಳಿಗೆ ನುಂಗುತ್ತಿದ್ದೀರಿ? ಅಲರ್ಜಿ, ನೆಗಡಿ ಗುಳಿಗೆಗಳು ನಿದ್ದೆಗಣ್ಣು ತರುತ್ತವೆ. ಬಿ.ಪಿ. ಗುಳಿಗೆ ಜಾಸ್ತಿಯಾದರೆ ಎದ್ದು ನಿಂತ ತಕ್ಷಣ ತಲೆ ತಿರುಗುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ. ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಬಿ.ಪಿ. ಅಳೆಸಿ ಡಾಕ್ಟರಿಗೆ ತೋರಿಸಿ.

ಮುಟ್ಟು ತಪ್ಪಿದೆಯಾ? ಹಾಗಿದ್ದರೆ ಬೇರೆ ಏನು ನೋಡುವ ಮುಂಚೆಯೂ ಗರ್ಭ ಪರೀಕ್ಷೆಯ ಕಿಟ್ ಒಂದನ್ನು ತಂದು ನೋಡಿ. ಮೊದಲ ಮೂರು ತಿಂಗಳ ಸುಸ್ತು ತುಂಬ ಸಾಮಾನ್ಯ. ಅದು ಗೊತ್ತಿಲ್ಲದೆ ನುಂಗಿದ ಗುಳಿಗೆಗಳಿಂದ ಮಗುವಿಗೆ ತೊಂದರೆ ಆಗಬಹುದು.

ಇಷ್ಟು ಸರಿ ಮಾಡಿಕೊಂಡ ಮೇಲೂ ಎರಡು ವಾರ ಸುಸ್ತು ಉಳಿದರೆ ಮುಂದಿನ ಲಕ್ಷಣಗಳಲ್ಲಿ ನಿಮ್ಮದು ಯಾವುದು ಅಂತ ನೋಡಿ.

ಬಿಸಿಲಲ್ಲಿ ದುಡಿದ ದಿನ ಮಾತ್ರ ಸುಸ್ತು, ತಲೆನೋವು, ಮೀನಖಂಡ ಹಿಡಿಯುವುದು

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಕಬ್ಬು ಕಡಿಯುವವರು, ಇಟ್ಟಿಗೆ ಭಟ್ಟಿಯವರು, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರು ಬೆವರಿನಲ್ಲಿ ನೀರು, ಉಪ್ಪು ಎರಡನ್ನೂ ಕಳೆದುಕೊಳ್ಳುತ್ತಾರೆ.

ತಪಾಸಣೆ ಸುಲಭ. ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ. ಕಡು ಹಳದಿ, ಕಡಿಮೆ ಮೂತ್ರ ಅಂದರೆ ಒಣಗಿದ್ದೀರಿ. ಉಪ್ಪು ಹಾಕಿದ ಮಜ್ಜಿಗೆ, ಲಿಂಬೆ ಪಾನಕ, ಇಲ್ಲವೇ ಓಆರ್‌ಎಸ್ ಕುಡಿಯಿರಿ. ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುಡಿಯುವ ನೀರಿಗೆ ಒಮ್ಮೆಗೇ ಹಾಕಬೇಕು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕಿದರೆ ಉಪ್ಪು ಜಾಸ್ತಿಯಾಗಿ, ಮುಖ್ಯವಾಗಿ ಮಕ್ಕಳಿಗೆ, ಕೆಡುಕಾಗುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರು ಎಷ್ಟು ಕುಡಿಯಬೇಕು ಅಂತ ಡಾಕ್ಟರನ್ನು ಕೇಳಿಯೇ ಕುಡಿಯಬೇಕು.

ನೆರಳಲ್ಲಿ ಕೂತು ನೀರು ಕುಡಿದ ಮೇಲೆ ಒಂದು ತಾಸಿನಲ್ಲಿ ಚೇತರಿಸಿಕೊಂಡರೆ ಇದು ಬಿಸಿಲಿನ ದಣಿವು. ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತಪ್ಪುತ್ತಿದ್ದರೆ ಅದು ಬಿಸಿಲು ಹೊಡೆತ. ಆಗ ಮೈ ಬಿಸಿ ಸಾಮಾನ್ಯವಾಗಿ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿರುತ್ತದೆ. ಅಂಬುಲೆನ್ಸ್ ಬರುವವರೆಗೆ ಸುಮ್ನೆ ಕಾಯಬೇಡಿ. ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕಿ, ಕಂಕುಳು, ಕುತ್ತಿಗೆಗೆ ತಣ್ಣೀರಿನ ಬಟ್ಟೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಜ್ವರದ ಗುಳಿಗೆ ಇದಕ್ಕೆ ಕೆಲಸ ಮಾಡಲ್ಲ.

ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಢವಢವ, ಮುಖ ಬಿಳಿಚಿದೆ

ನಮ್ಮ ಭಾಗದ ಸುಸ್ತಿನಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಮೊದಲು ಅನುಮಾನ ಪಡಬೇಕಾದದ್ದು ರಕ್ತಹೀನತೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಇಷ್ಟು ಸಾಮಾನ್ಯವಾದ, ಇಷ್ಟು ಅಗ್ಗವಾಗಿ ವಾಸಿಯಾಗುವ ತೊಂದರೆಯನ್ನು "ಹೆಣ್ಣಮಕ್ಕಳಿಗೆ ಇದ್ದದ್ದೇ ಬಿಡ್ರಿ" ಅಂತ ಸಹಿಸಿಕೊಂಡು ಬದುಕುವವರು ತುಂಬ ಜನ ಇದ್ದಾರೆ.

ಹಗಲು ಬೆಳಕಿನಲ್ಲಿ ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿ. ಒಳಭಾಗ ಕೆಂಪಗಿರಬೇಕು, ಬೆಳ್ಳಗಿದ್ದರೆ ಅನುಮಾನ. ಅಂಗೈ ಗೆರೆ, ಉಗುರು, ನಾಲಿಗೆಯನ್ನೂ ನೋಡಿ. ಮಣ್ಣು, ಸುಣ್ಣದ ಕಡ್ಡಿ, ಹಸಿ ಅಕ್ಕಿ ತಿನ್ನಬೇಕು ಅನ್ನಿಸುತ್ತದಾ? ಅದು ಕೆಟ್ಟ ಚಾಳಿ ಅಲ್ಲ, ಕಬ್ಬಿಣದಂಶ ಕಡಿಮೆಯಾದ ಗುರುತು. ಬೈಯುವ ಬದಲು ರಕ್ತ ಪರೀಕ್ಷೆ ಮಾಡಿಸಿ.

ಹಿಮೋಗ್ಲೋಬಿನ್ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಹೆಂಗಸರಿಗೆ 12ಕ್ಕಿಂತ, ಗಂಡಸರಿಗೆ 13ಕ್ಕಿಂತ, ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿದ್ದರೆ, ಅದರಲ್ಲೂ ಗರ್ಭಿಣಿಗೆ, ಊರ ದವಾಖಾನೆಯಲ್ಲಿ ನಿಲ್ಲದೆ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು.

ಆಶಾ ಅಕ್ಕ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿ.ಗ್ರಾಂ. ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇರುತ್ತದೆ. ಗುಳಿಗೆ ಮನೆಗೆ ಬಂದಿರುತ್ತದೆ, ಆದರೆ ಹೊಟ್ಟೆಗೆ ಹೋಗಿರಲ್ಲ. "ಹೊಟ್ಟೆ ತೊಳಸುತ್ತೆ, ಮಲ ಕಪ್ಪಾಗುತ್ತೆ" ಅಂತ ಡಬ್ಬಿಯಲ್ಲೇ ಉಳಿಯುತ್ತದೆ. ಮಲ ಕಪ್ಪಾಗುವುದು ಈ ಗುಳಿಗೆಯಿಂದ ಸಹಜ, ಹೆದರಬೇಡಿ. ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆ ಇದ್ದರೆ ಮಾತ್ರ ಅದು ಬೇರೆ. ಖಾಲಿ ಹೊಟ್ಟೆಯಲ್ಲಿ ತೊಳಸಿದರೆ ರಾತ್ರಿ ಊಟದ ನಂತರ ನುಂಗಿ. ಒಂದೇ ಒಂದು ನಿಯಮ ಬಿಡಬೇಡಿ: ಗುಳಿಗೆಯ ಜೊತೆ ಚಹಾ, ಹಾಲು, ಕ್ಯಾಲ್ಸಿಯಂ ಗುಳಿಗೆ ಬೇಡ. ಚಹಾ ಕಬ್ಬಿಣವನ್ನು ಒಳಗೆ ಬಿಡಲ್ಲ. ಊಟ ಮುಗಿದ ಕೂಡಲೇ ಚಹಾ ಕುಡಿಯುವ ನಮ್ಮ ರೂಢಿಯನ್ನು ಒಂದು ತಾಸು ಮುಂದಕ್ಕೆ ಹಾಕಿದರೂ ದೊಡ್ಡ ಲಾಭ. ಲಿಂಬೆಹುಳಿ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳಲು ನೆರವಾಗುತ್ತದೆ. ಇಂಡಿ ತಾಲೂಕಿನ ಲಿಂಬೆ ಮನೆಬಾಗಿಲಲ್ಲೇ ಬೆಳೆಯುವ ನಮಗೆ ಇದು ಕಷ್ಟವೇ ಅಲ್ಲ. ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಮೆಂತ್ಯ, ರಾಜಗಿರಿ, ಗುರೆಳ್ಳು ಚಟ್ನಿ ತಿನ್ನುವಾಗಲೂ ಲಿಂಬೆ ಹಿಂಡಿಕೊಳ್ಳಿ. ಆದರೆ ಹಿಮೋಗ್ಲೋಬಿನ್ ಈಗಾಗಲೇ ಇಳಿದಿದ್ದರೆ ಬೆಲ್ಲ, ಬೀಟ್‌ರೂಟ್, ಖರ್ಜೂರದಿಂದ ಮಾತ್ರ ಮೇಲೆ ಬರಲ್ಲ. ಗುಳಿಗೆ ಬೇಕು. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು, ಮೈಯ ದಾಸ್ತಾನು ತುಂಬಲು ಅಷ್ಟು ಸಮಯ ಹಿಡಿಯುತ್ತದೆ. ಡಬ್ಬಿಯನ್ನು ಸಣ್ಣ ಮಕ್ಕಳ ಕೈಗೆ ಸಿಗದಂತೆ ಇಡಿ. ಚಾಕಲೇಟ್ ಅಂತ ಮಕ್ಕಳು ಐದಾರು ನುಂಗಿದರೆ ಜೀವಕ್ಕೇ ಅಪಾಯ.

ಇನ್ನು, ರಕ್ತ ಎಲ್ಲಿ ಸೋರುತ್ತಿದೆ ಅಂತ ಹುಡುಕದೆ ಗುಳಿಗೆ ಮಾತ್ರ ಕೊಟ್ಟರೆ ಕೆಲಸ ಅರ್ಧವಾಯಿತು. ಮುಟ್ಟು ಏಳು ದಿನ ದಾಟುತ್ತದಾ, ಗಡ್ಡೆ ಗಡ್ಡೆಯಾಗಿ ಹೋಗುತ್ತದಾ, ತಾಸಿಗೊಂದು ಪ್ಯಾಡ್ ಬದಲಿಸಬೇಕಾಗುತ್ತದಾ? ಸ್ತ್ರೀರೋಗ ತಜ್ಞರಿಗೆ ತೋರಿಸಿ. ಬರಿಗಾಲಲ್ಲಿ ಹೊಲದಲ್ಲಿ ಕೆಲಸ ಮಾಡುವವರಿಗೆ ಕೊಕ್ಕೆಹುಳು ಅಂಟಿ ದಿನಾ ಸ್ವಲ್ಪ ಸ್ವಲ್ಪ ರಕ್ತ ಹೀರುತ್ತದೆ. ಹುಳ ಸಾಯಿಸುವ ಅಲ್ಬೆಂಡಜೋಲ್ ಗುಳಿಗೆ ಅಗ್ಗ, ಆದರೆ ಗರ್ಭಿಣಿಯರು ಕೇಳದೆ ನುಂಗಬಾರದು. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೂಲವ್ಯಾಧಿ, ನೋವಿನ ಗುಳಿಗೆಯಿಂದಾದ ಹೊಟ್ಟೆ ಹುಣ್ಣು, ಕೆಲವೊಮ್ಮೆ ಕರುಳಿನ ಕ್ಯಾನ್ಸರ್ ಕೂಡ ಹೀಗೆ ಸದ್ದಿಲ್ಲದೆ ರಕ್ತ ಕಳೆಯುತ್ತವೆ. ಇಂಥವರಿಗೆ ಎಂಡೋಸ್ಕೋಪಿ (ಕೊಳವೆ ಬಿಟ್ಟು ಹೊಟ್ಟೆ, ಕರುಳಿನ ಒಳಗೆ ನೋಡುವುದು) ಬೇಕಾಗಬಹುದು.

ಗುಳಿಗೆ ಸರಿಯಾಗಿ ನುಂಗಿ ತಿಂಗಳಾದರೂ ಹಿಮೋಗ್ಲೋಬಿನ್ ಒಂದು ಗ್ರಾಂ ಕೂಡ ಏರದಿದ್ದರೆ ರೋಗ ಬೇರೆ ಇರಬಹುದು. ಥಲಸ್ಸೀಮಿಯಾ ಎಂಬ ವಂಶದಿಂದ ಬರುವ ರಕ್ತದ ತೊಂದರೆಯ ವಾಹಕರಲ್ಲೂ ರಕ್ತಕಣ ಸಣ್ಣದಾಗಿರುತ್ತದೆ, ಅವರಿಗೆ ಕಬ್ಬಿಣ ಸುಮ್ನೆ ಕೊಡುತ್ತಾ ಹೋಗುವುದು ಸರಿಯಲ್ಲ. ಡಾಕ್ಟರ್ ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ಹಿಮೋಗ್ಲೋಬಿನ್ ಬಗೆಯ ಪರೀಕ್ಷೆ ಬರೆಯುತ್ತಾರೆ.

ಸುಸ್ತಿನ ಜೊತೆ ಕಾಲಿನಲ್ಲಿ ಜೋಮು, ಬಾಯಿಹುಣ್ಣು, ಮರೆವು

ಮೊಟ್ಟೆ, ಮಾಂಸ ಮುಟ್ಟದ, ಹಾಲು ಮೊಸರೂ ಕಡಿಮೆ ತಿನ್ನುವ ಮನೆಗಳಲ್ಲಿ ವಿಟಮಿನ್ ಬಿ12 ಕೊರತೆ ಬಹಳ. ಶುಗರ್‌ಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಿಗೂ ಬರುತ್ತದೆ. ನಡೆಯುವಾಗ ಹತ್ತಿಯ ಮೇಲೆ ಕಾಲಿಟ್ಟಂತೆ ಅನ್ನಿಸಿದರೆ ತಡ ಮಾಡಬೇಡಿ, ನರಕ್ಕೆ ಆದ ಪೆಟ್ಟು ತಡವಾದರೆ ಪೂರ್ತಿ ವಾಪಸ್ ಬರಲ್ಲ. ಬಿ12 ಕೊರತೆ ಇರುವಾಗ ಬರೀ ಫೋಲಿಕ್ ಆಮ್ಲ ನುಂಗಿದರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರ ಮಾತ್ರ ಒಳಗೊಳಗೇ ಕೆಡುತ್ತಾ ಹೋಗುತ್ತದೆ. ಅದಕ್ಕೇ ಈ ಎರಡನ್ನೂ ಒಟ್ಟಿಗೆ ನೋಡಬೇಕು.

ಬಾಯಾರಿಕೆ, ರಾತ್ರಿ ಮೇಲಿಂದ ಮೇಲೆ ಮೂತ್ರ, ತೂಕ ಇಳಿಕೆ

ಶುಗರ್ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ, 100ರಿಂದ 125 ಅಂದರೆ ಅಂಚಿನಲ್ಲಿದ್ದೀರಿ, 126 ಅಥವಾ ಮೇಲೆ ಬಂದರೆ ಇನ್ನೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ರಕ್ತಹೀನತೆ ಇದ್ದವರಲ್ಲಿ ಈ ಪರೀಕ್ಷೆ ತಪ್ಪು ತೋರಿಸಬಹುದು. ಹಾಗಾಗಿ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಹೇಳಿ.

"ನಾವು ಜೋಳದ ರೊಟ್ಟಿ ತಿನ್ನೋರು, ನಮಗೆಲ್ಲಿ ಶುಗರ್" ಅನ್ನುವವರಿದ್ದಾರೆ. ಜೋಳದಲ್ಲಿ ನಾರಿನಂಶ ಇದೆ, ಒಳ್ಳೆಯದೇ. ಆದರೆ ಅದೂ ಹಿಟ್ಟೇ ಅಲ್ವಾ? ಎಷ್ಟು ರೊಟ್ಟಿ ಅನ್ನುವುದು ಮುಖ್ಯ.

ಶುಗರ್ ಇದ್ದವರಿಗೆ ವಾಂತಿ, ಹೊಟ್ಟೆನೋವು, ಜೋರು ಜೋರಾದ ಉಸಿರು ಬಂದರೆ ತಕ್ಷಣ ಆಸ್ಪತ್ರೆ. ಇದಕ್ಕೆ ವಿರುದ್ಧವಾಗಿ, ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಡವಾದಾಗ ಕೈ ನಡುಕ, ಬೆವರು, ಗಲಿಬಿಲಿ ಬಂದರೆ ಶುಗರ್ ಕುಸಿದಿದೆ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ. ಎಚ್ಚರ ಇಲ್ಲದವರಿಗೆ ಬಾಯಲ್ಲಿ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ತೂಕ ಏರುತ್ತಿದೆ, ಎಲ್ಲರಿಗಿಂತ ಜಾಸ್ತಿ ಚಳಿ, ಮಲಬದ್ಧತೆ, ಕೂದಲು ಉದುರುವುದು

ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಕೆಲಸ ನಿಧಾನವಾಗಿರಬಹುದು. ಟಿಎಸ್‌ಎಚ್ ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಗುಳಿಗೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ತಾಸಿನಿಂದ ಒಂದು ತಾಸು ಚಹಾ ಕುಡಿಯಬಾರದು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೂ ಇದಕ್ಕೂ ನಾಲ್ಕು ತಾಸಿನ ಅಂತರ ಇರಲಿ. ಆರರಿಂದ ಎಂಟು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿ ಪ್ರಮಾಣ ಸರಿ ಮಾಡಿಸಿಕೊಳ್ಳಿ.

ಸಂಜೆ ಸಣ್ಣ ಜ್ವರ, ರಾತ್ರಿ ಬೆವರು, ಕೆಮ್ಮು, ಬಟ್ಟೆ ಸಡಿಲ

ಎರಡು ವಾರ ದಾಟಿದ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಟಿ.ಬಿ. ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಅಷ್ಟೂ ದಿನ ಪೌಷ್ಟಿಕ ಊಟಕ್ಕೆಂದು ತಿಂಗಳಿಗೆ 1,000 ರೂಪಾಯಿ ರೋಗಿಯ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮುಂಚೆ ಇದು 500 ಇತ್ತು. ಎರಡು ತಿಂಗಳಿಗೆ ಮೈ ಹಗುರಾಯಿತು ಅಂತ ಔಷಧಿ ಬಿಟ್ಟವರಿಗೆ ಮದ್ದಿಗೆ ಬಗ್ಗದ ಟಿ.ಬಿ. ಬರಬಹುದು. ಮಗಳ ಮದುವೆಗೆ ತೊಂದರೆ, ಓಣಿಯಲ್ಲಿ ಮಾತು ಅಂತ ಮುಚ್ಚಿಡುವ ಮನೆಗಳನ್ನು ನೋಡಿದರೆ ಸಂಕಟ ಆಗುತ್ತದೆ. ಔಷಧಿ ಸರಿಯಾಗಿ ಶುರುವಾದ ಕೆಲವೇ ವಾರಗಳಲ್ಲಿ ಬೇರೆಯವರಿಗೆ ಹರಡುವುದು ತುಂಬ ಕಡಿಮೆಯಾಗುತ್ತದೆ. ಮುಚ್ಚಿಟ್ಟಾಗಲೇ ಮನೆಯ ಮಕ್ಕಳಿಗೆ ಅಂಟುವುದು. ಟಿ.ಬಿ. ಬಂದವರಿಗೆ ಎಚ್‌ಐವಿ, ಶುಗರ್ ಪರೀಕ್ಷೆಯನ್ನೂ ಮಾಡುತ್ತಾರೆ, ಬೇಡ ಅನ್ನಬೇಡಿ.

ಜ್ವರ ಬಂದು ಹೋದ ಮೇಲೆ ಸುಸ್ತು

ಡೆಂಗಿ, ಚಿಕೂನ್‌ಗುನ್ಯಾ ಆದ ಮೇಲೆ ಕೆಲವು ವಾರ ನಿಶ್ಶಕ್ತಿ ಇರುವುದು ಸಹಜ. ಆದರೆ ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಇಳಿದ ಮರುದಿನ, ಎರಡನೇ ದಿನವೇ ಬರುತ್ತದೆ. ಆಗ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು ಕಂಡರೆ ಆಸ್ಪತ್ರೆಗೆ ಹೋಗಿ. ಡೆಂಗಿ ಅನುಮಾನ ಇದ್ದಾಗ ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ಬೇಡ, ಪ್ಯಾರಾಸಿಟಮಾಲ್ ಮಾತ್ರ. ಕಣ್ಣು ಹಳದಿಯಾಗಿದ್ದರೆ ಕಾಮಾಲೆ. ಯಾವ ಊರಿನ ಸೊಪ್ಪಿನ ಔಷಧಿಗೂ ಮುಂಚೆ ಲಿವರ್ ಪರೀಕ್ಷೆ ಆಗಲಿ.

ಸಂಜೆಗೆ ಕಾಲು ಬಾವು, ಮಲಗಿದರೆ ಉಸಿರು ಕಟ್ಟುವುದು

ಕಾಲನ್ನು ಬೆರಳಿಂದ ಒತ್ತಿದರೆ ಗುಳಿ ಉಳಿಯುತ್ತದಾ ನೋಡಿ. ಹೃದಯ, ಕಿಡ್ನಿ, ಲಿವರ್ ಮೂರರಲ್ಲಿ ಒಂದು ಸೋತಿರಬಹುದು. ಇದು ಮನೆಯಲ್ಲಿ ಹುಡುಕುವ ಕೆಲಸ ಅಲ್ಲ. ಇಸಿಜಿ, ಕ್ರಿಯೇಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ), ಮೂತ್ರ ಪರೀಕ್ಷೆ ಆ ವಾರವೇ ಆಗಲಿ. ಮೊಣಕಾಲು ನೋವಿಗೆ ಅಂಗಡಿಯಿಂದ ತಂದ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವರು ಅದನ್ನು ಮರೆಯದೆ ಹೇಳಬೇಕು, ಕಿಡ್ನಿ ಕೆಡಲು ಅದೂ ಒಂದು ಕಾರಣ. ಇಂಥವರಿಗಂತೂ ಯಾರೂ ಸುಮ್ನೆ ಸಲಾಯಿನ್ ಹಚ್ಚಬಾರದು.

ಎಲ್ಲ ರಿಪೋರ್ಟ್ ಸರಿ ಇದೆ, ಆದರೂ ಏಳಲು ಮನಸ್ಸಿಲ್ಲ

"ರಿಪೋರ್ಟ್ ನಾರ್ಮಲ್ ಅದಾವ, ನಾಟಕ ಮಾಡ್ತಾಳ" ಅನ್ನುವ ಮಾತು ಮನೆಮನೆಯಲ್ಲಿ ಕೇಳುತ್ತದೆ. ದಯವಿಟ್ಟು ಹಾಗೆ ಅನ್ನಬೇಡಿ. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ನಸುಕಿನಲ್ಲೇ ಎಚ್ಚರ, ಊಟ ಬೇಡ, ಸುಮ್ಮನೆ ಅಳು ಅಂದರೆ ಅದು ಖಿನ್ನತೆ ಇರಬಹುದು. ನಮ್ಮ ಜನ ಮನಸ್ಸಿನ ನೋವನ್ನು ಮೈ ನೋವಾಗಿ, ಸುಸ್ತಾಗಿ ಹೇಳಿಕೊಳ್ಳುತ್ತಾರೆ. ಬೆಳೆ ಹೋಗಿ ಸಾಲ ಉಳಿದ ಮನೆಯ ಗಂಡಸು "ಆರಾಮಿಲ್ಲ" ಅಂದಾಗ ಅವನ ಪಕ್ಕ ಕೂತು ಮಾತಾಡಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕದ ಡಬ್ಬಿಗಳನ್ನು ಅವತ್ತೇ ಬೇರೆ ಕಡೆ ಸಾಗಿಸಿ.

ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು, ಹಗಲು ಕೂತಲ್ಲೇ ತೂಕಡಿಕೆ ಇದ್ದರೆ ಅದು ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ. ಟ್ರ್ಯಾಕ್ಟರ್, ಲಾರಿ ಓಡಿಸುವವರು ಇದನ್ನು ತೋರಿಸದೆ ರಾತ್ರಿ ಕಬ್ಬಿನ ಲೋಡ್ ಹೊಡೆಯಬಾರದು.

ದವಾಖಾನೆಗೆ ಹೋಗುವಾಗ

ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಸುಸ್ತು ಯಾವಾಗ ಶುರುವಾಯಿತು, ದಿನದ ಯಾವ ಹೊತ್ತಿನಲ್ಲಿ ಜಾಸ್ತಿ, ತೂಕ ಇಳಿದಿದೆಯೋ ಏರಿದೆಯೋ, ಕೊನೆಯ ಮುಟ್ಟಿನ ದಿನ. ನುಂಗುತ್ತಿರುವ ಎಲ್ಲ ಗುಳಿಗೆಗಳ ಚೀಟಿಯನ್ನೂ, ಹಳೆಯ ರಿಪೋರ್ಟನ್ನೂ ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ಮೊದಲ ಸುತ್ತಿಗೆ ಸಿಬಿಸಿ, ಶುಗರ್, ಬಿ.ಪಿ., ಮೂತ್ರ ಪರೀಕ್ಷೆ ಸಾಕು. ಮೂವತ್ತು ಪರೀಕ್ಷೆಗಳ ಪ್ಯಾಕೇಜ್ ಮೊದಲ ದಿನವೇ ಬೇಕಿಲ್ಲ. ಯಾವ ಆಸ್ಪತ್ರೆಗೆ ಹೋಗಬೇಕು ಅನ್ನುವ ಗೊಂದಲ ಇದ್ದರೆ 104 ಆರೋಗ್ಯ ಸಹಾಯವಾಣಿಗೆ ಕೇಳಬಹುದು. ಡಾಕ್ಟರ್ ಸಲಾಯಿನ್ ಬೇಡ ಅಂದರೆ ಹಟ ಮಾಡಬೇಡಿ. ಹಚ್ಚುತ್ತೇನೆ ಅಂದರೆ "ಯಾಕ ಹಚ್ಚಾಕತ್ತೀರಿ, ನನಗ ಏನಾಗೇತ್ರಿ?" ಅಂತ ಧೈರ್ಯವಾಗಿ ಕೇಳಿ.